ಪೆರಾಕ್ಸೈಡು: ಅದರ ಉಪಯೋಗವೂ ಅಪಾಯವೂ

ಕೆಲವು ಕಾಲದ ಹಿಂದೆ ಈ ಲೇಖಕನು ಸರ್ಕೀಟಿನಲ್ಲಿದ್ದಾಗ ಒಬ್ಬ ಭೂಮಾಲಿಕರ ಕೊಟ್ಟಿಗೆಯನ್ನು ನೋಡುವ ಸಂದರ್ಭವೊದಗಿತು. ಅಲ್ಲಿ ಸೋಡಾ ಮಾರುವ ಪ್ಲಾಸ್ಟಿಕ್ ಸೀಸೆಯೊಂದರಲ್ಲಿ ನೀರಿನಂತೆ ತಿಳಿಯಾದ ದ್ರವವಿದ್ದಿತು. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದ್ದುದರಿಂದ ಸೀಸೆಯು ಹೊಟ್ಟೆಯುಬ್ಬಿ ನಿಂತಿದ್ದಿತು. ಪಕ್ಕದಲ್ಲಿಯೇ ಒಣಹುಲ್ಲಿನ ಕಂತೆಗಳಿದ್ದುವು. ವಿಚಾರಿಸಲಾಗಿ, ಹನಿ ನೀರಾವರಿಯ ಕೊಳವೆಗಳಲ್ಲಿ ಕಟ್ಟಿದ ಪಾಚಿಯನ್ನು ತೊಳೆಯಲು ತಂದ ಹೈಡ್ರೋಜನ್ ಪೆರಾಕ್ಸೈಡು ಅದೆಂದೂ, ಉಳಿದುದನ್ನು ದನಗಳ ಗಾಯಕ್ಕೆ ಆದೀತೆಂದು ಇಟ್ಟುಕೊಂಡಿರುವುದಾಗಿಯೂ ತಿಳಿದುಬಂದಿತು. ಔಷಧದಂಗಡಿಯ ಪೆರಾಕ್ಸೈಡಿಗೂ ಇದಕ್ಕೂ ಹೆಸರು ಒಂದೇ. ಬಲದಲ್ಲಿ ಮಾತ್ರ ಹತ್ತು ಪಾಲಿಗೂ ಮಿಗಿಲಾದ ಅಂತರವಿದ್ದಿತು. ಈ ಅಂತರವನ್ನರಿಯದೆ ಅನರ್ಥಗಳು ಸಂಭವಿಸುವುದರಿಂದ ಈ ವಿಷಯವನ್ನು ಗ್ರಾಮದ ಮುಖ್ಯಸ್ಥರ ಗಮನಕ್ಕೆ ತರುವುದು ಉಚಿತವೆಂದು ತೋರಿತು.

ದ್ರವದ ಸ್ವರೂಪ

ನೀರಿನಲ್ಲಿ ಜಲಜನಕದ ಎರಡು ಪರಮಾಣುಗಳೊಡನೆ ಆಮ್ಲಜನಕದ ಒಂದು ಪರಮಾಣು ಕೂಡಿರುವುದು. ಅದಕ್ಕೆ ಆಮ್ಲಜನಕದ ಇನ್ನೊಂದು ಪರಮಾಣು ಸೇರಿದರೆ ಹೈಡ್ರೋಜನ್ ಪೆರಾಕ್ಸೈಡು ಆಗುವುದು. 1818ನೆಯ ಇಸವಿಯಲ್ಲಿ ಫ್ರಾನ್ಸ್ ದೇಶದ ರಸಾಯನಶಾಸ್ತ್ರಜ್ಞ ತೆನಾರನು ಇದನ್ನು ಮೊದಲು ಸಿದ್ಧಪಡಿಸಿದನು. ಈ ಹೆಚ್ಚಿನ ಆಮ್ಲಜನಕವು ಭದ್ರವಾಗಿ ನಿಲ್ಲತಕ್ಕದ್ದಲ್ಲ. ಬಿಸಿಲು, ಶಾಖ, ಧೂಳು, ಕಬ್ಬಿಣದ ತುಕ್ಕು ಇವುಗಳ ಸಂಪರ್ಕವಾದೊಡನೆ ಅದು ಬಿಡುಗಡೆ ಹೊಂದುವುದು. ಜೊತೆಗೆ ಶಾಖವೂ ಹುಟ್ಟುವುದು. ಕ್ರಿಮಿಗಳನ್ನು ಕೊಲ್ಲುವ ಗುಣಕ್ಕೂ, ಬಣ್ಣವನ್ನು ತೆಗೆಯುವ ಗುಣಕ್ಕೂ, ಬೆಂಕಿಯನ್ನು ಹೆಚ್ಚಿಸುವ ದುರ್ಗುಣಕ್ಕೂ ಇದೇ ಕಾರಣವು.

ಬಲವನ್ನು ತಿಳಿಯುವ ಬಗೆ

ಔಷಧದಂಗಡಿಯಲ್ಲಿ ದೊರೆಯುವುದು ಸಾಮಾನ್ಯವಾಗಿ ನೂರಕ್ಕೆ 3 ಅಥವಾ 6 ಪಾಲಿನ ಬಲದ್ದು. ಸೀಸೆಯ ಮೇಲೆ ಕೆಲವೊಮ್ಮೆ "10 ವಾಲ್ಯೂಮ್", "20 ವಾಲ್ಯೂಮ್" ಎಂದು ಅಚ್ಚಾಗಿರುವುದು. ಒಂದು ಲೀಟರು ದ್ರವದಿಂದ 10 ಅಥವಾ 20 ಲೀಟರು ಆಮ್ಲಜನಕ ಹೊರಡುವುದೆಂದು ಇದರ ಅರ್ಥ. ಕಾರ್ಖಾನೆಗಳಿಗೆ ಹೋಗುವ ಸರಕು ನೂರಕ್ಕೆ 35 ಅಥವಾ 50ರ ಬಲದ್ದಾಗಿರುತ್ತದೆ. 35ರ ಬಲದ ಒಂದು ಲೀಟರಿನಿಂದ ಸುಮಾರು 130 ಲೀಟರು ಅನಿಲ ಹೊರಡುವುದು. ಮೇಲೆ ಹೇಳಿದ ಸೀಸೆಯು ಏಕೆ ಉಬ್ಬಿತೆಂಬುದು ಇದರಿಂದ ವ್ಯಕ್ತವಾಗುವುದು. ನೋಟದಲ್ಲಿ ಎಲ್ಲವೂ ನೀರಿನಂತೆಯೇ ಇರುವುದರಿಂದ ಚೀಟಿಯಿಲ್ಲದ ಸೀಸೆಯನ್ನು ಎಂದಿಗೂ ನಂಬತಕ್ಕದ್ದಲ್ಲ.

ಗಾಯಗಳ ವಿಷಯ

ಗಾಯಕ್ಕೆ ಹಾಕಿದಾಗ ಬಿಳಿಯ ನೊರೆಯೇಳುವುದನ್ನು ಕಂಡು ಔಷಧವು ಚೆನ್ನಾಗಿ ಹಿಡಿಯಿತೆಂದು ಹಲವರು ಭಾವಿಸುತ್ತಾರೆ. ರಕ್ತದಲ್ಲಿರುವ ಕ್ಯಾಟಲೇಸ್ ಎಂಬ ವಸ್ತುವು ಪೆರಾಕ್ಸೈಡನ್ನು ಒಡೆಯುವುದರಿಂದ ಆ ನೊರೆ ಬರುವುದೇ ಹೊರತು ಅದು ಗುಣವಾಗುವುದರ ಲಕ್ಷಣವಲ್ಲ. ಪೆರಾಕ್ಸೈಡು ಕ್ರಿಮಿಗಳೊಡನೆ ಹೊಸದಾಗಿ ಬೆಳೆಯುವ ಮಾಂಸವನ್ನೂ ಕೆಡಿಸುವುದು. ಪದೇ ಪದೇ ಹಾಕಿದರೆ ಗಾಯವು ಮಾಯಲು ತಡವಾಗುವುದು. ಆಳವಾದ, ಬಾಯಿ ಕಿರಿದಾದ ಗಾಯದೊಳಕ್ಕೆ ಇದನ್ನು ಪಿಚಕಾರಿಯಿಂದ ಹಾಯಿಸಿದರೆ ಅನಿಲವು ರಕ್ತನಾಳವನ್ನು ಹೊಕ್ಕು ಪ್ರಾಣಾಪಾಯವಾಗಬಹುದು. ಸಾಧಾರಣ ಗಾಯಕ್ಕೆ ಶುದ್ಧವಾದ ನೀರೂ ಸಾಬೂನೂ ಮೇಲು. ನಾಯಿ ಕಚ್ಚಿದಲ್ಲಿ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷಗಳ ಕಾಲ ತೊಳೆದು, ಆ ದಿನವೇ ಲಸಿಕೆಗಾಗಿ ಆಸ್ಪತ್ರೆಗೆ ಹೋಗತಕ್ಕದ್ದು. ಪೆರಾಕ್ಸೈಡು ಅದಕ್ಕೆ ಬದಲಾಗದು.

ಹಾಲಿನ ವಿಷಯ

ಬೇಸಗೆಯಲ್ಲಿ ಹಾಲು ಹುಳಿಯದಿರಲೆಂದು ಇದನ್ನು ಬೆರಸುವ ದುರಭ್ಯಾಸವು ಅಲ್ಲಲ್ಲಿ ಉಂಟು. ಕಾನೂನಿನಂತೆ ಇದು ಕಲಬೆರಕೆಯೇ ಸರಿ. ಹೀಗೆ ಮಾಡುವುದರಿಂದ ಕೊಳಕು ಕೈಯಿಂದಲೂ ಕೊಳಕು ಪಾತ್ರೆಯಿಂದಲೂ ಆದ ದೋಷವು ಮರೆಯಾಗುವುದೇ ಹೊರತು ನಿವಾರಣೆಯಾಗುವುದಿಲ್ಲ. ಆ ಹಾಲನ್ನು ಕುಡಿಯುವವರು ಎಳೆಯ ಮಕ್ಕಳೂ ರೋಗಿಗಳೂ ಎಂಬುದನ್ನು ಮರೆಯಲಾಗದು. ಸಂದೇಹ ಬಂದಲ್ಲಿ ಪೊಟ್ಯಾಸಿಯಂ ಅಯೋಡೈಡನ್ನೂ ಪಿಷ್ಟದ ದ್ರಾವಣವನ್ನೂ ಹಾಲಿಗೆ ಬೆರಸಿ ಪರೀಕ್ಷಿಸುವುದುಂಟು. ಪೆರಾಕ್ಸೈಡಿದ್ದರೆ ನೀಲಿಯ ಬಣ್ಣ ಬರುವುದು. ಆದರೆ ಹೊತ್ತು ಕಳೆದಂತೆ ಅದು ಹಾಲಿನಲ್ಲಿ ಒಡೆದುಹೋಗುವುದರಿಂದ ಬಣ್ಣ ಬಾರದ ಮಾತ್ರಕ್ಕೆ ಹಾಲು ಶುದ್ಧವೆಂದು ಹೇಳಲಾಗದು. ಕೆಚ್ಚಲನ್ನು ತೊಳೆದು, ಶುಚಿಯಾದ ಪಾತ್ರೆಯಲ್ಲಿ ಕರೆದು, ತಡಮಾಡದೆ ಶೀತಲಗೊಳಿಸುವುದೇ ಸರಿಯಾದ ಮಾರ್ಗವು.

ಕೈಗಾರಿಕೆಗಳಲ್ಲಿ

ಅರಿತವರ ಕೈಯಲ್ಲಿ ಇದು ಬಹಳ ಉಪಕಾರಿ. ಹತ್ತಿಯ ಬಟ್ಟೆಯನ್ನೂ ಕಾಗದದ ತಿರುಳನ್ನೂ ಬಿಳುಪು ಮಾಡಲು ಇದನ್ನು ಬಳಸುವರು. ರೇಷ್ಮೆಗೂ ಉಣ್ಣೆಗೂ ಕ್ಲೋರಿನ್ ಹಾನಿಕರವಾದುದರಿಂದ ಅಲ್ಲಿ ಪೆರಾಕ್ಸೈಡೇ ಗತಿ. ಬಹುದಿನ ಕೆಡದ ಹಾಲನ್ನು ತುಂಬುವ ಕಾಗದದ ಪೊಟ್ಟಣಗಳನ್ನು ಇದರಿಂದಲೇ ಕ್ರಿಮಿರಹಿತಗೊಳಿಸಿ, ಬಿಸಿಗಾಳಿಯಿಂದ ಆರಿಸಿ, ಆಮೇಲೆ ಹಾಲನ್ನು ತುಂಬುವರು. ಈ ಕಾರಣಗಳಿಂದ ಬಲವಾದ ಪೆರಾಕ್ಸೈಡಿನ ಟ್ಯಾಂಕರುಗಳು ಹೆದ್ದಾರಿಗಳಲ್ಲಿ ಸಂಚರಿಸುವುವು.

ದಾಸ್ತಾನಿನಲ್ಲಿಯೂ ರಸ್ತೆಯಲ್ಲಿಯೂ ಎಚ್ಚರಿಕೆ

2022ನೆಯ ಜೂನ್ 4ರ ರಾತ್ರಿ ಬಾಂಗ್ಲಾದೇಶದ ಸೀತಾಕುಂಡದ ಒಂದು ಸರಕು ದಾಸ್ತಾನಿನಲ್ಲಿ ಬೆಂಕಿ ಬಿದ್ದಿತು. ಅಲ್ಲಿ ಹೈಡ್ರೋಜನ್ ಪೆರಾಕ್ಸೈಡು ತುಂಬಿದ ಪೆಟ್ಟಿಗೆಗಳಿದ್ದುವು. ಸ್ಫೋಟವಾಗಿ, ಬೆಂಕಿಯನ್ನಾರಿಸಲು ಬಂದಿದ್ದ ಅಗ್ನಿಶಾಮಕರೂ ಸೇರಿ ನಲವತ್ತಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಈ ದ್ರವವು ತಾನು ಉರಿಯದು. ಆದರೆ ಉರಿಯುವುದಕ್ಕೆ ಆಮ್ಲಜನಕವನ್ನು ಒದಗಿಸುವುದು. ಆದುದರಿಂದ ಈ ಕೆಳಗಣ ವಿಷಯಗಳನ್ನು ಗ್ರಾಮಸ್ಥರಿಗೆ ತಿಳಿಯಪಡಿಸತಕ್ಕದ್ದು:

1. ದ್ರವವನ್ನು ತಯಾರಕರು ಕೊಟ್ಟ ಪಾತ್ರೆಯಲ್ಲಿಯೇ, ಗಾಳಿ ಹೋಗುವ ಅದರ ಮುಚ್ಚಳದೊಡನೆಯೇ, ತಂಪಾದ ನೆರಳಿನಲ್ಲಿ ಇಡತಕ್ಕದ್ದು. ಕುಡಿಯುವ ಸೀಸೆಗೆ ಎಂದಿಗೂ ಸುರಿಯಬಾರದು.

2. ಹುಲ್ಲು, ಗೋಣಿ, ಮರದ ಹೊಟ್ಟು, ಎಣ್ಣೆ, ಸೀಮೆಎಣ್ಣೆ ಇವುಗಳ ಬಳಿ ಇಡಬಾರದು. ಒಮ್ಮೆ ಹೊರತೆಗೆದುದನ್ನು ಮರಳಿ ಪಾತ್ರೆಗೆ ಹಾಕಬಾರದು.

3. ಬಲವಾದ ದ್ರವವು ಮೈಗೆ ಅಥವಾ ಕಣ್ಣಿಗೆ ಬಿದ್ದರೆ ಕೂಡಲೇ 15 ನಿಮಿಷಗಳಿಗೆ ಕಡಿಮೆಯಿಲ್ಲದೆ ನೀರಿನಿಂದ ತೊಳೆಯತಕ್ಕದ್ದು. ನೆನೆದ ಬಟ್ಟೆಯನ್ನು ಕಳಚಿ ನೀರಿನಲ್ಲಿ ಮುಳುಗಿಸಬೇಕು. ಒಣಗಿದರೆ ಅದು ತಾನಾಗಿ ಹೊತ್ತಿಕೊಳ್ಳಬಹುದು.

4. ಯಾರಾದರೂ ಕುಡಿದಲ್ಲಿ ವಾಂತಿ ಮಾಡಿಸಬಾರದು. ಬಾಯಿ ಮುಕ್ಕಳಿಸಿಸಿ, ಸೀಸೆಯ ಸಮೇತ ಆಸ್ಪತ್ರೆಗೆ ಒಯ್ಯಬೇಕು.

5. ಟ್ಯಾಂಕರು ಉರುಳಿದರೆ ಅದರ ಫಲಕವನ್ನು ದೂರದಿಂದಲೇ ನೋಡತಕ್ಕದ್ದು. ಹಳದಿಯ ಚೌಕವು ಮೂಲೆಯ ಮೇಲೆ ನಿಂತಂತೆ ಇದ್ದು, ಅದರಲ್ಲಿ ವೃತ್ತದ ಮೇಲೆ ಜ್ವಾಲೆಯ ಚಿತ್ರವೂ 5.1 ಎಂಬ ಅಂಕಿಯೂ, ಹತ್ತಿರದಲ್ಲಿ 2014 ಎಂಬ ಸಂಖ್ಯೆಯೂ ಇದ್ದರೆ ಅದು ಬಲವಾದ ಪೆರಾಕ್ಸೈಡು. ಜನರನ್ನು ಗಾಳಿ ಬೀಸಿಬರುವ ದಿಕ್ಕಿಗೆ ದೂರ ಸರಿಸಿ, ಬೀಡಿ ಸಿಗರೇಟುಗಳನ್ನು ಆರಿಸಿಸಿ, 112ಕ್ಕೆ ದೂರವಾಣಿ ಮಾಡಿ ಈ ಅಂಕಿಗಳನ್ನು ಓದಿ ಹೇಳಬೇಕು.

ಟ್ಯಾಂಕರು ಉರುಳಿತೆಂದರೆ ಕೊಡ, ಡಬ್ಬಗಳನ್ನು ಹಿಡಿದು ಓಡುವವರು ನಮ್ಮಲ್ಲಿ ಇದ್ದೇ ಇದ್ದಾರೆ. ಅವರನ್ನು ತಡೆಯುವ ಮಾತು ಊರಿನ ಯಜಮಾನರ ಬಾಯಿಂದ ಬಂದರೆ ನಡೆಯುವಷ್ಟು ಬೇರೆಯವರ ಮಾತಿನಿಂದ ನಡೆಯದು. ಕೊಟ್ಟಿಗೆಯ ಆ ಸೀಸೆಯ ಮಾತಿಗೆ ಬಂದರೆ, ಅದರ ಮುಚ್ಚಳವನ್ನು ಸಡಿಲಿಸುವ ಗೋಜಿಗೆ ಯಾರನ್ನೂ ಬಿಡದೆ, ಮಕ್ಕಳನ್ನೂ ದನಗಳನ್ನೂ ಹೊರಗೆ ಕಳುಹಿಸಿ, ಅಗ್ನಿಶಾಮಕ ಠಾಣೆಯವರನ್ನು ಕರೆಸಿ ತೆಗೆಸಲಾಯಿತು. ವಾಚಕ ಮಹಾಶಯರು ಈ ಸಂಚಿಕೆಯನ್ನು ಓದಿ ಮುಗಿಸಿದೊಡನೆ ತಮ್ಮ ಕೊಟ್ಟಿಗೆ, ಪಂಪಿನ ಮನೆಗಳನ್ನು ಒಮ್ಮೆ ನೋಡಿ, ಚೀಟಿಯಿಲ್ಲದ ಸೀಸೆಗಳಿವೆಯೇ ಎಂದು ವಿಚಾರಿಸಬೇಕೆಂದು ಬಿನ್ನಹ.