ಗೇಮಿಂಗ್ ಕೆಫೆಗೆ ಕಂಪ್ಯೂಟರ್ ಖರೀದಿ: ಮಿತ ಬಂಡವಾಳದಲ್ಲಿ ಯುಕ್ತ ಆಯ್ಕೆ

2000ರ ದಶಕದಲ್ಲಿ ನಮ್ಮ ಊರೂರುಗಳಲ್ಲಿ ತಲೆಯೆತ್ತಿದ ಸೈಬರ್ ಕೆಫೆಗಳು ಇಂಟರ್‌ನೆಟ್ ಸಂಪರ್ಕವನ್ನೇ ಸರಕಾಗಿ ಮಾರುತ್ತಿದ್ದವು. 2016ರ ನಂತರ ಅಗ್ಗದ ಮೊಬೈಲ್ ಡೇಟಾ ಮನೆಮನೆಗೂ ತಲುಪಿದೊಡನೆ ಆ ಸರಕಿಗೆ ಬೇಡಿಕೆ ಕುಗ್ಗಿ, ಬಹಳಷ್ಟು ಕೆಫೆಗಳು ಬಾಗಿಲು ಹಾಕಿದವು. ಇಂದಿನ ಗೇಮಿಂಗ್ ಕೆಫೆ ಮಾರುವ ಸರಕು ಬೇರೆಯೇ ಆಗಿದೆ. ಮನೆಯಲ್ಲಿ ಕೊಳ್ಳಲು ದುಬಾರಿಯಾದ ಕಂಪ್ಯೂಟರನ್ನು ಗಂಟೆಯ ಬಾಡಿಗೆಗೆ ಒದಗಿಸುವುದು, ಗೆಳೆಯರು ಒಟ್ಟಿಗೆ ಕುಳಿತು ಆಡಲು ಸ್ಥಳ ಕಲ್ಪಿಸುವುದು ಇದರ ಜೀವಾಳ. ಆದುದರಿಂದ ಮಗ್ಗದ ಆಯ್ಕೆ ನೇಕಾರಿಕೆಗೆ ಎಷ್ಟು ಮುಖ್ಯವೋ, ಯಂತ್ರದ ಆಯ್ಕೆ ಈ ಉದ್ಯಮಕ್ಕೆ ಅಷ್ಟೇ ಮುಖ್ಯ.

ಸಾಲ ಮಾಡಿ ಈ ಕ್ಷೇತ್ರಕ್ಕೆ ಕಾಲಿಡುವ ಯುವಕರು ಎರಡು ಬಗೆಯಲ್ಲಿ ಎಡವುವುದುಂಟು. ಒಂದು, ಅತಿ ಅಗ್ಗವೆಂದು ಹಳೆಯ ಕಚೇರಿ ಯಂತ್ರಗಳನ್ನು ತಂದು ಗಿರಾಕಿಯನ್ನು ಕಳೆದುಕೊಳ್ಳುವುದು. ಮತ್ತೊಂದು, ಅತ್ಯುತ್ತಮವೇ ಬೇಕೆಂದು ಬಂಡವಾಳವನ್ನೆಲ್ಲ ಯಂತ್ರಗಳಲ್ಲಿ ಹೂಡಿ, ವಿದ್ಯುತ್ತು, ತಂಪು ವ್ಯವಸ್ಥೆ ಹಾಗೂ ದುರಸ್ತಿಗೆ ಹಣವಿಲ್ಲದಂತಾಗುವುದು. ಜಿಲ್ಲಾ ಅಥವಾ ತಾಲ್ಲೂಕು ಕೇಂದ್ರವೊಂದರಲ್ಲಿ ಎಂಟು ಯಂತ್ರಗಳ ಕೆಫೆಯನ್ನು ಉದಾಹರಣೆಯಾಗಿಟ್ಟುಕೊಂಡು, ಇವೆರಡರ ನಡುವಿನ ದಾರಿಯನ್ನು ಇಲ್ಲಿ ಪರಿಶೀಲಿಸೋಣ.

1. ಮೊದಲು ಆಟ, ಅನಂತರ ಯಂತ್ರ

ಯಂತ್ರದ ಪಟ್ಟಿ ಬರೆಯುವ ಮುನ್ನ ಆಟಗಳ ಪಟ್ಟಿ ಬರೆಯತಕ್ಕದ್ದು. ಕೆಫೆಗೆ ತಂಡವಾಗಿ ಬರುವವರು ಹೆಚ್ಚಾಗಿ ಆಡುವುದು ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2, ಡೋಟಾ 2ರಂತಹ ಸ್ಪರ್ಧಾತ್ಮಕ ಆಟಗಳನ್ನು. ಇವು ಉಚಿತವಾಗಿ ದೊರೆಯುತ್ತವೆ ಮತ್ತು ಗ್ರಾಫಿಕ್ಸ್ ಕಾರ್ಡಿಗಿಂತ ಪ್ರೊಸೆಸರಿನ ಮೇಲೆ ಹೆಚ್ಚಿನ ಭಾರ ಹಾಕುತ್ತವೆ. ಫುಟ್‌ಬಾಲ್ ಆಟಗಳು ಹಾಗೂ 2015ರಲ್ಲಿ ಕಂಪ್ಯೂಟರಿಗೆ ಬಂದ ಜಿಟಿಎ 5 ಮಧ್ಯಮ ಶಕ್ತಿಯ ಕಾರ್ಡಿನಲ್ಲಿಯೇ ಸುಗಮವಾಗಿ ನಡೆಯುತ್ತವೆ. ಸೈಬರ್‌ಪಂಕ್ 2077ರಂತಹ ಭಾರಿ ಆಟಗಳು ಒಬ್ಬರೇ ಹತ್ತಾರು ಗಂಟೆ ಆಡುವಂಥವು. ಅವುಗಳಿಗಾಗಿ ಎಂಟೂ ಯಂತ್ರಗಳನ್ನು ಸಜ್ಜುಗೊಳಿಸುವುದು ವ್ಯವಹಾರ ದೃಷ್ಟಿಯಿಂದ ಸಮರ್ಥನೀಯವಲ್ಲ. ಆದ್ದರಿಂದ 1080 ಪಿಕ್ಸೆಲ್ ಪರದೆಯಲ್ಲಿ ಸ್ಪರ್ಧಾತ್ಮಕ ಆಟಗಳು ಸೆಕೆಂಡಿಗೆ 144 ಚಿತ್ರಗಳ ಆಸುಪಾಸಿನಲ್ಲಿ ಓಡಬೇಕು ಎಂಬ ಗುರಿಯನ್ನು ಇಟ್ಟುಕೊಂಡರೆ ಸಾಕು.

2. ಬಿಡಿಭಾಗಗಳ ಆಯ್ಕೆ

ಪ್ರೊಸೆಸರ್: ಆರು ಕೋರುಗಳ ಎಎಂಡಿ ರೈಜೆನ್ 5 5600 ಅಥವಾ ಇಂಟೆಲ್ ಕೋರ್ ಐ5-12400ಎಫ್ ದರ್ಜೆ ಈ ಗುರಿಗೆ ಹೊಂದುತ್ತದೆ. ಹಣ ತೀರ ಬಿಗಿಯಾಗಿದ್ದಲ್ಲಿ ನಾಲ್ಕು ಕೋರುಗಳ ಐ3-12100ಎಫ್ ಸಹ ಕೆಲಸ ನಡೆಸೀತು. ಇಂಟೆಲ್ ಮಾದರಿಗಳ ಕೊನೆಯಲ್ಲಿರುವ ಎಫ್ ಅಕ್ಷರದ ಅರ್ಥ, ಅದರಲ್ಲಿ ಅಂತರ್ಗತ ಗ್ರಾಫಿಕ್ಸ್ ಇಲ್ಲವೆಂದು. ಗ್ರಾಫಿಕ್ಸ್ ಕಾರ್ಡ್ ಕೆಟ್ಟ ದಿನ ಅಂತಹ ಯಂತ್ರದ ಪರದೆಯೂ ಮೂಡುವುದಿಲ್ಲ ಎಂಬುದು ನೆನಪಿರಲಿ.

ಗ್ರಾಫಿಕ್ಸ್ ಕಾರ್ಡ್: 2019ರಲ್ಲಿ ಬಂದ ಜಿಟಿಎಕ್ಸ್ 1650ರ 4 ಜಿಬಿ ಸ್ಮೃತಿ ಹೊಸ ಆಟಗಳಿಗೆ ಸಾಲದಾಗಿದೆ. ಆರ್‌ಎಕ್ಸ್ 6600ರಲ್ಲಿ 8 ಜಿಬಿ ಸ್ಮೃತಿಯಿದ್ದು, ಅದು ಆರ್‌ಟಿಎಕ್ಸ್ 3050ಕ್ಕಿಂತ ಸ್ಪಷ್ಟವಾಗಿ ವೇಗಶಾಲಿ. ವಿದ್ಯುತ್ ಬಳಕೆ 132 ವ್ಯಾಟ್. ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ ನಿಧಾನವಾದರೂ ಕೇವಲ 70 ವ್ಯಾಟ್ ಬಳಸುತ್ತದೆ ಹಾಗೂ ಪ್ರತ್ಯೇಕ ವಿದ್ಯುತ್ ಕೇಬಲ್ ಬೇಡುವುದಿಲ್ಲ. ಆರ್‌ಟಿಎಕ್ಸ್ 4060 ಇವೆರಡಕ್ಕಿಂತ ಮುಂದಿದ್ದು 115 ವ್ಯಾಟ್ ಬಳಸುತ್ತದೆ. ಖರೀದಿಯ ದಿನದ ದರವನ್ನು ಹೋಲಿಸಿ, 8 ಜಿಬಿಗೆ ಕಡಿಮೆಯಿಲ್ಲದ ಕಾರ್ಡಿಗೆ ಆದ್ಯತೆ ನೀಡುವುದು ಲೇಸು.

ಸ್ಮೃತಿ ಮತ್ತು ಸಂಗ್ರಹ: 16 ಜಿಬಿ ರ‍್ಯಾಮ್ ಅವಶ್ಯ. ಅದನ್ನು ಒಂದೇ ಪಟ್ಟಿಯಾಗಿ ಕೊಳ್ಳದೆ 8 ಜಿಬಿಯ ಎರಡು ಪಟ್ಟಿಗಳಾಗಿ ಕೊಂಡರೆ ಪ್ರೊಸೆಸರಿಗೆ ಎರಡು ಮಾರ್ಗಗಳು ದೊರೆತು ಆಟದ ವೇಗ ಹೆಚ್ಚುತ್ತದೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ದರಗಳು ತೀವ್ರವಾಗಿ ಏರಿದವು. ಹಳೆಯ ಅಂದಾಜುಪಟ್ಟಿಯನ್ನು ನಂಬಿ ಬ್ಯಾಂಕಿಗೆ ಯೋಜನಾ ವರದಿ ಸಲ್ಲಿಸುವುದು ಸಲ್ಲದು. ಸಂಗ್ರಹಕ್ಕೆ ಎನ್‌ವಿಎಂಇ ಮಾದರಿಯ ಎಸ್‌ಎಸ್‌ಡಿ ಇರಲಿ. ಕೆಲವು ಆಟಗಳೊಂದೊಂದೂ 100 ಜಿಬಿ ಆಸುಪಾಸಿನ ಜಾಗ ಕೇಳುವುದರಿಂದ 500 ಜಿಬಿ ಕನಿಷ್ಠ, 1 ಟಿಬಿ ಹಿತಕರ.

ಪವರ್ ಸಪ್ಲೈ: ಉಳಿತಾಯ ಮಾಡಲೇಬಾರದ ಭಾಗವಿದು. ಹೆಸರಿಲ್ಲದ ಅಗ್ಗದ ಸಪ್ಲೈ ಕೆಡುವಾಗ ತಾನೊಂದೇ ಕೆಡದೆ ಮದರ್‌ಬೋರ್ಡನ್ನೂ ಕಾರ್ಡನ್ನೂ ಸುಡುವ ಅಪಾಯವಿದೆ. ಮೇಲಿನ ಯಂತ್ರಗಳಿಗೆ 80 ಪ್ಲಸ್ ಪ್ರಮಾಣಪತ್ರವುಳ್ಳ 500ರಿಂದ 550 ವ್ಯಾಟಿನ ಸಪ್ಲೈ ಸಾಕಾಗುತ್ತದೆ.

ಮಾನಿಟರ್ ಮತ್ತು ಕೈಯುಪಕರಣಗಳು: ಗಿರಾಕಿ ಕಣ್ಣಾರೆ ಕಾಣುವುದು, ಕೈಯಾರೆ ಮುಟ್ಟುವುದು ಇವನ್ನೇ. 60 ಹರ್ಟ್ಸ್ ಪರದೆ ಪ್ರತಿ 16.7 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಿಸಿದರೆ, 144 ಹರ್ಟ್ಸ್ ಪರದೆ 6.9 ಮಿಲಿಸೆಕೆಂಡಿಗೊಮ್ಮೆ ಬದಲಿಸುತ್ತದೆ. ನುರಿತ ಆಟಗಾರನು ಈ ವ್ಯತ್ಯಾಸವನ್ನು ಕೂಡಲೇ ಗುರುತಿಸುತ್ತಾನೆ. ಮೌಸ್, ಹೆಡ್‌ಸೆಟ್ಟುಗಳು ಸವೆಯುವ ಸರಕು; ಎಂಟಕ್ಕೆ ಎರಡರಂತೆ ಬದಲಿ ದಾಸ್ತಾನು ಇರಿಸತಕ್ಕದ್ದು.

ಎಂಟೂ ಯಂತ್ರಗಳು ಒಂದೇ ಮಾದರಿಯವಾಗಿರುವುದು ಒಳ್ಳೆಯದು. ಬಿಡಿಭಾಗಗಳನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸಿ ದೋಷ ಪತ್ತೆಹಚ್ಚಬಹುದು. ಒಳ್ಳೆಯ ಯಂತ್ರ ಯಾವುದೆಂದು ಗಿರಾಕಿಗಳಲ್ಲಿ ಪೈಪೋಟಿಯೂ ಹುಟ್ಟುವುದಿಲ್ಲ.

3. ಹಳೆಯ ಯಂತ್ರಗಳ ಆಕರ್ಷಣೆ

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ಕಂಪನಿಗಳು ಕೈಬಿಟ್ಟ ಕಚೇರಿ ಕಂಪ್ಯೂಟರುಗಳು ಕಡಿಮೆ ದರಕ್ಕೆ ಸಿಗುತ್ತವೆ. ಅವನ್ನು ಕೊಳ್ಳುವ ಮುನ್ನ ಒಂದು ಅಂಶವನ್ನು ಅರಿತಿರಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಸ್ಥೂಲವಾಗಿ ಇಂಟೆಲ್ ಎಂಟನೆಯ ಪೀಳಿಗೆ ಹಾಗೂ ರೈಜೆನ್ 2000 ಸರಣಿಯಿಂದ ಈಚಿನ ಪ್ರೊಸೆಸರುಗಳನ್ನು ಮಾತ್ರ. ಅದರ ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಘಟಕವೂ ಬೇಕು. ವಂಚನೆ ತಡೆಯುವ ಸಲುವಾಗಿ ವ್ಯಾಲೊರಂಟ್ ಆಟವು ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎರಡೂ ಚಾಲನೆಯಲ್ಲಿರಬೇಕೆಂದು ಕಡ್ಡಾಯಪಡಿಸಿದೆ. ಅಡ್ಡದಾರಿಯಿಂದ ವಿಂಡೋಸ್ 11 ಹಾಕಿದ ನಾಲ್ಕನೆಯ ಪೀಳಿಗೆಯ ಯಂತ್ರ ಲೆಕ್ಕಪತ್ರ ಬರೆಯಲು ಒದಗೀತು. ಆದರೆ ಗಿರಾಕಿ ಕೇಳಿ ಬಂದ ಆಟವೇ ಅದರಲ್ಲಿ ತೆರೆಯದಿದ್ದರೆ ಅಗ್ಗವೆನಿಸಿದ್ದು ದುಬಾರಿಯಾಗುತ್ತದೆ.

ಬಳಸಿದ ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿಯೂ ಎಚ್ಚರ ಬೇಕು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಜಾಲವು ಕಾರ್ಡುಗಳಿಂದ ನಾಣ್ಯ ಗಣಿಗಾರಿಕೆ ಮಾಡುವ ಪದ್ಧತಿಯನ್ನು ಕೈಬಿಟ್ಟಾಗ, ಹಗಲಿರುಳು ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಬಳಸಿದ ಕಾರ್ಡನ್ನು ಕೊಳ್ಳಲೇಬೇಕಾದಲ್ಲಿ ಅರ್ಧ ಗಂಟೆ ಪೂರ್ಣ ಭಾರದಲ್ಲಿ ಓಡಿಸಿ, ಉಷ್ಣಾಂಶ ಹಾಗೂ ಫ್ಯಾನುಗಳ ಸದ್ದನ್ನು ಪರೀಕ್ಷಿಸಿ, ಉಳಿದ ವಾರಂಟಿಯ ಬಿಲ್ಲನ್ನು ಪಡೆಯಿರಿ.

4. ಜಾಲ, ವಿದ್ಯುತ್ತು ಮತ್ತು ತಂಪು

ಆಟ ಆಡುವಾಗ ಬೇಕಾಗುವ ಡೇಟಾ ಅತ್ಯಲ್ಪ; ವಿಳಂಬವಿಲ್ಲದಿರುವುದೇ ಮುಖ್ಯ. ಆದುದರಿಂದ ವೈಫೈ ನಂಬದೆ ಪ್ರತಿ ಯಂತ್ರಕ್ಕೂ ಕ್ಯಾಟ್ 6 ತಂತಿ ಎಳೆದು ಗಿಗಾಬಿಟ್ ಸ್ವಿಚ್ಚಿಗೆ ಜೋಡಿಸಬೇಕು. ವೇಗ ಬೇಕಾಗುವುದು ಆಟಗಳ ನವೀಕರಣಕ್ಕೆ. 100 ಜಿಬಿಯ ಒಂದು ಆಟವನ್ನು 100 ಎಂಬಿಪಿಎಸ್ ಸಂಪರ್ಕದಲ್ಲಿ ಇಳಿಸಲು ಸುಮಾರು ಎರಡೂಕಾಲು ಗಂಟೆ ತಗಲುತ್ತದೆ. ಎಂಟು ಯಂತ್ರಗಳಿಗೂ ಬೇರೆಬೇರೆಯಾಗಿ ಇಳಿಸಿದರೆ ಹದಿನೆಂಟು ಗಂಟೆ. ಒಂದರಲ್ಲಿ ಇಳಿಸಿ ಒಳಜಾಲದ ಮೂಲಕ ಮತ್ತೊಂದಕ್ಕೆ ನಕಲು ಮಾಡಿದರೆ ಯಂತ್ರವೊಂದಕ್ಕೆ ಹದಿನೈದು ನಿಮಿಷದ ಕೆಲಸ. ಸ್ಟೀಮ್ ತಂತ್ರಾಂಶದಲ್ಲಿ 2023ರಿಂದ ಈ ಸೌಲಭ್ಯ ಅಂತರ್ಗತವಾಗಿಯೇ ಇದೆ.

ಆಟ ನಡೆಯುವಾಗ ಮಾನಿಟರ್ ಸಹಿತ ಒಂದು ಯಂತ್ರಕ್ಕೆ 300 ವ್ಯಾಟ್ ಎಂದು ಹಿಡಿದರೆ ಎಂಟಕ್ಕೆ 2.4 ಕಿಲೋವ್ಯಾಟ್ ಆಗುತ್ತದೆ. ಈ ವಿದ್ಯುತ್ತೆಲ್ಲ ಕೊನೆಗೆ ಕೋಣೆಯೊಳಗೆ ಶಾಖವಾಗಿಯೇ ಉಳಿಯುತ್ತದೆ. ಜೊತೆಗೆ ಹತ್ತು ಜನರ ದೇಹದ ಶಾಖ ಸುಮಾರು 1 ಕಿಲೋವ್ಯಾಟ್. ಒಂದು ಟನ್ ಏರ್‌ಕಂಡಿಷನರ್ ಹೊರಹಾಕಬಲ್ಲುದು ಸುಮಾರು 3.5 ಕಿಲೋವ್ಯಾಟ್ ಮಾತ್ರ. ಗೋಡೆ, ಛಾವಣಿಗಳ ಬಿಸಿಲನ್ನೂ ಸೇರಿಸಿದರೆ ಒಂದೂವರೆ ಟನ್ನಿಗೆ ಕಡಿಮೆ ಸಾಲದು. ಕಟ್ಟಡದ ಮಂಜೂರಾದ ವಿದ್ಯುತ್ ಭಾರ, ತಂತಿಯ ದಪ್ಪ ಹಾಗೂ ಅರ್ಥಿಂಗನ್ನು ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನವೇ ಪರೀಕ್ಷಿಸಬೇಕು. 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್ ಮಾತ್ರ ಎಂಬುದನ್ನೂ ಗಮನಿಸಿರಿ.

5. ಲೆಕ್ಕದ ಕನ್ನಡಿ

ಈಗ ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಓದುಗರು ತಮ್ಮ ಊರಿನ ಅಂಕಿಗಳನ್ನು ತುಂಬಿಕೊಳ್ಳಬಹುದು. ಮಾನಿಟರ್ ಸಹಿತ ಯಂತ್ರವೊಂದಕ್ಕೆ ರೂ. 60,000ದಂತೆ ಎಂಟಕ್ಕೆ ರೂ. 4,80,000. ಪೀಠೋಪಕರಣ, ಏರ್‌ಕಂಡಿಷನರ್, ಯುಪಿಎಸ್, ತಂತಿ ಕೆಲಸಗಳಿಗೆ ರೂ. 2,20,000. ಒಟ್ಟು ಹೂಡಿಕೆ ರೂ. 7,00,000. ದಿನಕ್ಕೆ 12 ಗಂಟೆ ತೆರೆದು, ಸರಾಸರಿ ಶೇ. 40 ಆಸನಗಳು ತುಂಬಿದರೆ 38.4 ಯಂತ್ರಗಂಟೆಗಳು, ಗಂಟೆಗೆ ರೂ. 50ರಂತೆ ತಿಂಗಳ ಆದಾಯ ರೂ. 57,600. ಬಾಡಿಗೆ ರೂ. 12,000, ಸಹಾಯಕನ ಸಂಬಳ ರೂ. 12,000, ವಿದ್ಯುತ್ತು ರೂ. 7,000, ಇಂಟರ್‌ನೆಟ್ ರೂ. 2,000, ದುರಸ್ತಿ ರೂ. 4,000 ಕಳೆದರೆ ಉಳಿಯುವುದು ರೂ. 20,600. ಬಡ್ಡಿಯನ್ನು ಲೆಕ್ಕಿಸದೆಯೂ ಬಂಡವಾಳ ಮರಳಲು 34 ತಿಂಗಳು ಬೇಕು.

ಯಂತ್ರವೊಂದಕ್ಕೆ ರೂ. 1,00,000 ವ್ಯಯಿಸಿ, ಗಂಟೆಯ ದರವನ್ನು ಹಾಗೆಯೇ ಇಟ್ಟರೆ ಈ ಅವಧಿ 49 ತಿಂಗಳು ಮೀರುತ್ತದೆ. 34 ತಿಂಗಳಲ್ಲಿಯೇ ಹಣ ಮರಳಬೇಕಾದರೆ ಗಂಟೆಯ ದರ ಸುಮಾರು ರೂ. 58 ಆಗಬೇಕು, ಊರಿನ ವಿದ್ಯಾರ್ಥಿಗಳು ಅದನ್ನು ಕೊಡಬಲ್ಲರೇ ಎಂಬುದೇ ಪ್ರಶ್ನೆ. ಇದಕ್ಕಿಂತ ಗಂಭೀರವಾದುದು ಆಸನಗಳ ಲೆಕ್ಕ. ಶೇ. 40ರ ಬದಲು ಶೇ. 30 ತುಂಬಿದರೆ ಆದಾಯ ರೂ. 43,200ಕ್ಕೆ ಇಳಿದು, ವಿದ್ಯುತ್ ಉಳಿತಾಯ ಸೇರಿಸಿಯೂ ಉಳಿಕೆ ಸುಮಾರು ರೂ. 7,000 ಮಾತ್ರ. ಆಗ ಬಂಡವಾಳ ಮರಳಲು ಎಂಟು ವರ್ಷಕ್ಕೂ ಮೇಲಾಗುತ್ತದೆ. ಅಷ್ಟರಲ್ಲಿ ಯಂತ್ರಗಳೇ ಹಳತಾಗಿರುತ್ತವೆ. ಆದ್ದರಿಂದ ಎಂಟು ಯಂತ್ರಗಳಿಗೆ ತಂತಿ, ಮೇಜು ಸಿದ್ಧಪಡಿಸಿಟ್ಟು, ಐದು ಅಥವಾ ಆರು ಯಂತ್ರಗಳಿಂದ ಆರಂಭಿಸಿ, ಸಂಜೆ ಹಾಗೂ ರಜಾದಿನಗಳಲ್ಲಿ ಆಸನ ಸಾಲದೆ ಗಿರಾಕಿ ಹಿಂದಿರುಗತೊಡಗಿದಾಗ ಉಳಿದವನ್ನು ಕೊಳ್ಳುವುದು ವಿವೇಕ. ತಂಡವಾಗಿ ಆಡುವ ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ ಆಟಗಳಿಗೆ ಐವರ ಪಡೆ ಬೇಕಾಗುವುದರಿಂದ ಐದಕ್ಕಿಂತ ಕಡಿಮೆ ಬೇಡ.

ಸವಕಳಿಯ ವಿಷಯವೂ ಇಲ್ಲಿಯೇ ಬರುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯಡಿಯ ನಿಯಮಗಳು ಕಂಪ್ಯೂಟರಿಗೆ ಶೇ. 40ರ ಸವಕಳಿಯನ್ನು ನಿಗದಿಪಡಿಸಿದ್ದವು. ಆ ಲೆಕ್ಕದಂತೆ 100 ರೂಪಾಯಿಯ ಯಂತ್ರ ಮೂರು ವರ್ಷಗಳ ಕೊನೆಗೆ ಪುಸ್ತಕದಲ್ಲಿ 21 ರೂಪಾಯಿ 60 ಪೈಸೆಯಾಗಿ ಉಳಿಯುತ್ತದೆ. ಇದು ವಾಸ್ತವಕ್ಕೂ ದೂರವಲ್ಲ. ತಿಂಗಳ ಉಳಿಕೆಯಲ್ಲಿ ಒಂದು ಪಾಲನ್ನು ಬದಲಿ ನಿಧಿಯಾಗಿ ತೆಗೆದಿರಿಸದ ಕೆಫೆಗೆ ನಾಲ್ಕನೆಯ ವರ್ಷ ಕಷ್ಟದ್ದಾಗುತ್ತದೆ.

ಕಂಪ್ಯೂಟರುಗಳ ಮೇಲಿನ ಜಿಎಸ್‌ಟಿ ಶೇ. 18. ರೂ. 59,000ದ ಯಂತ್ರದಲ್ಲಿ ರೂ. 9,000 ತೆರಿಗೆಯೇ. ಸಾಮಾನ್ಯ ನೋಂದಣಿಯುಳ್ಳವರು ಹೂಡುವಳಿ ತೆರಿಗೆ ಜಮೆಯನ್ನು ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯವರಿಗೆ ಆ ಸೌಲಭ್ಯವಿಲ್ಲ. ಹೇಗಿದ್ದರೂ ಕ್ರಮಸಂಖ್ಯೆ ನಮೂದಿಸಿದ ಬಿಲ್ಲಿಲ್ಲದೆ ವಾರಂಟಿಯನ್ನು ಸಾಧಿಸುವುದು ಕಷ್ಟ.

6. ಕಾನೂನಿನ ಚೌಕಟ್ಟು

ಸಾರ್ವಜನಿಕರಿಗೆ ಇಂಟರ್‌ನೆಟ್ ಒದಗಿಸುವ ಕೆಫೆಗಳಿಗೆ 2011ರ ಸೈಬರ್ ಕೆಫೆ ಮಾರ್ಗಸೂಚಿ ನಿಯಮಗಳಿವೆ. ನೋಂದಣಿ, ಬಳಕೆದಾರರ ಗುರುತಿನ ಪರಿಶೀಲನೆ, ಕನಿಷ್ಠ ಒಂದು ವರ್ಷ ದಾಖಲೆ ಪುಸ್ತಕದ ಸಂರಕ್ಷಣೆ ಅವುಗಳಲ್ಲಿ ಸೇರಿವೆ. ವಿಭಜಕ ಗೋಡೆಗಳು ನಾಲ್ಕೂವರೆ ಅಡಿ ಮೀರಕೂಡದು. ಪೀಠೋಪಕರಣ ಮಾಡಿಸುವ ಮುನ್ನವೇ ಬಡಗಿಗೆ ಈ ಅಳತೆಯನ್ನು ತಿಳಿಸಬೇಕು. 2025ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಆಟಗಳ ಕಾಯ್ದೆಯು ಇ-ಕ್ರೀಡೆಗೆ ಮಾನ್ಯತೆ ನೀಡಿ, ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿದೆ. ಅಂತಹ ಆಟಗಳಿಗೆ ಕೆಫೆಯಲ್ಲಿ ಎಡೆಗೊಡಬಾರದು. ಸ್ಟೀಮ್ ಸಂಸ್ಥೆಯು ಕೆಫೆಗಳಿಗೆಂದೇ ಪ್ರತ್ಯೇಕ ಪರವಾನಗಿ ಯೋಜನೆ ಹೊಂದಿದೆ. ವಿಂಡೋಸನ್ನು ಬಾಡಿಗೆ ಬಳಕೆಗೆ ಹಾಕುವ ಷರತ್ತುಗಳನ್ನೂ ಮಾರಾಟಗಾರರಿಂದ ಲಿಖಿತವಾಗಿ ಪಡೆಯುವುದು ಕ್ಷೇಮ.

ಖರೀದಿಗೆ ಮುನ್ನ ಹೀಗೆ ಮಾಡಿರಿ

ಕನಿಷ್ಠ ಮೂವರು ಮಾರಾಟಗಾರರಿಂದ ಒಂದೇ ಪಟ್ಟಿಗೆ, ಒಂದೇ ದಿನ ದರಪತ್ರ ತರಿಸಿರಿ. ಮೊದಲು ಒಂದೇ ಯಂತ್ರ ಕೊಂಡು, ನಿಮ್ಮ ಊರಿನ ಇಬ್ಬರು ನುರಿತ ಆಟಗಾರರಿಂದ ಒಂದು ವಾರ ಆಡಿಸಿ ನೋಡಿರಿ. ಅವರು ಮೆಚ್ಚಿದ ಬಳಿಕ ಉಳಿದವುಗಳಿಗೆ ಆದೇಶ ನೀಡಿರಿ. ಮುದ್ರಾ ಯೋಜನೆಯ ಕಿಶೋರ್ ವರ್ಗದಲ್ಲಿ ರೂ. 50,000ದಿಂದ 5 ಲಕ್ಷದವರೆಗೆ, ತರುಣ್ ವರ್ಗದಲ್ಲಿ 10 ಲಕ್ಷದವರೆಗೆ ಸಾಲಕ್ಕೆ ಅವಕಾಶವಿದೆ. ಆದರೆ ದೊರೆಯುವ ಸಾಲದ ಮೊತ್ತವು ಹೂಡಿಕೆಯ ಅಳತೆಗೋಲಾಗಬಾರದು. ತುಂಬಬಲ್ಲ ಆಸನಗಳ ಸಂಖ್ಯೆಯೇ ಅಳತೆಗೋಲಾಗಬೇಕು.