ಕಲಿಯುವವನಿಗೂ ವಾದ್ಯಗಾರರ ಸಾಲಿನಲ್ಲಿ ಸ್ಥಳವುಂಟು

ಓದತಕ್ಕ ಭಾಗಗಳು: 1 ಪೂರ್ವಕಾಲವೃತ್ತಾಂತ 25:1-8, ವಿಮೋಚನಕಾಂಡ 4:10-16, 1 ಕೊರಿಂಥದವರಿಗೆ 12:14-26.

ನಮ್ಮ ಗ್ರಾಮಸಭೆಗಳಲ್ಲಿ ಹಾರ್ಮೋನಿಯಮನ್ನಾಗಲಿ ತಬಲವನ್ನಾಗಲಿ ನುಡಿಸಬಲ್ಲವರು ಸಾಮಾನ್ಯವಾಗಿ ಒಬ್ಬರೋ ಇಬ್ಬರೋ ಇರುವರು. ಅವರು ಕಾಯಿಲೆಬಿದ್ದರೆ, ಇಲ್ಲವೆ ಕೂಲಿಗಾಗಿ ಪಟ್ಟಣಕ್ಕೆ ಹೋದರೆ, ವಾದ್ಯವು ಮೂಲೆಯಲ್ಲಿ ಧೂಳು ಹಿಡಿಯುವದು. ಹಾಡು ಶ್ರುತಿಯಿಲ್ಲದೆ ಎಳೆದಾಡುವದು. ಅದೇ ಸಭೆಯಲ್ಲಿ, ಮನೆಯೊಳಗೆ ಚೆನ್ನಾಗಿ ನುಡಿಸುವ ಒಬ್ಬ ಹುಡುಗನೋ ಹುಡುಗಿಯೋ ಹಿಂದಿನ ಚಾಪೆಯ ಮೇಲೆ ತಲೆತಗ್ಗಿಸಿ ಕೂತಿರುವದುಂಟು. ಇಂಥವರನ್ನು ನಾವು ಅನೇಕ ಸಭೆಗಳಲ್ಲಿ ಕಂಡಿದ್ದೇವೆ. ಅವರಿಗೆ ವಿದ್ಯೆಯುಂಟು, ಆದರೆ ಕೂಟದಲ್ಲಿ ನುಡಿಸುವ ಧೈರ್ಯವಿಲ್ಲ. ಅವರನ್ನು ಮುಂದಕ್ಕೆ ತರುವ ಬಗೆ ಯಾವದೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ದೇವರ ವಾಕ್ಯವು ತೋರಿಸುವ ಮಾದರಿ

ದಾವೀದನು ದೇವರ ಸೇವೆಗಾಗಿ ವಾದ್ಯಗಾರರನ್ನು ನೇಮಿಸಿದ ಸಂಗತಿಯನ್ನು ಮೊದಲನೆಯ ಭಾಗದಲ್ಲಿ ಓದುತ್ತೇವೆ. ಆಸಾಫ, ಹೇಮಾನ, ಯೆದುತೂನ ಎಂಬವರ ಮನೆಯವರು ಕಿನ್ನರಿ, ಸ್ವರಮಂಡಲ, ತಾಳಗಳೊಡನೆ ಸೇವೆಮಾಡುವದಕ್ಕೆ ನಿಂತರು. ಅವರ ಒಟ್ಟು ಲೆಕ್ಕವು 288. ಇವರನ್ನು 12 ಮಂದಿಯ 24 ವರ್ಗಗಳನ್ನಾಗಿ ಮಾಡಿದರು. ಸರದಿಗಾಗಿ ಚೀಟುಹಾಕುವಾಗ ಚಿಕ್ಕವನು ದೊಡ್ಡವನು ಎಂದಾಗಲಿ, ಗುರು ಶಿಷ್ಯ ಎಂದಾಗಲಿ ಭೇದಮಾಡಲಿಲ್ಲ. ಹೇಮಾನನ ಹೆಣ್ಣುಮಕ್ಕಳು ಮೂವರನ್ನು ಸಹ ಆ ಅಧ್ಯಾಯವು ಮರೆಯದೆ ಹೇಳುವದು.

ಇದರಿಂದ ನಾವು ಕಲಿಯತಕ್ಕದ್ದೇನಂದರೆ, ಪೂರ್ಣವಾಗಿ ಕಲಿತ ಮೇಲೆಯೇ ಸೇವೆಗೆ ಬಾ ಎಂದು ಶಿಷ್ಯನನ್ನು ಹೊರಗೆ ನಿಲ್ಲಿಸಲಿಲ್ಲ. ಗುರುವಿನ ಪಕ್ಕದಲ್ಲಿ ಸೇವೆಮಾಡುತ್ತಲೇ ಅವನು ಕಲಿತನು. ಈಜುವದನ್ನು ದಂಡೆಯ ಮೇಲೆ ಕೂತು ಯಾರೂ ಕಲಿಯಲಾರರು. ಹಾಗೆಯೇ ಕೂಟದಲ್ಲಿ ನುಡಿಸುವ ಧೈರ್ಯವು ಕೂಟದಲ್ಲಿಯೇ ಬರುವದು.

2. ಅಂಜಿಕೆಯ ಕಾರಣಗಳು

ಮೊದಲನೆಯದು, ಒಂಟಿಯಾಗಿ ನುಡಿಸುವದೂ ಕೂಟದಲ್ಲಿ ನುಡಿಸುವದೂ ಒಂದೇ ಅಲ್ಲ. ಮನೆಯಲ್ಲಿ ಬೆರಳು ತಪ್ಪಿದರೆ ನಿಂತು ಪುನಃ ಆರಂಭಿಸಬಹುದು. ಕೂಟದಲ್ಲಿ ಹಾಡು ನಿಲ್ಲುವದಿಲ್ಲ. ಇದನ್ನು ಯಾರೂ ಕಲಿಸದಿದ್ದಾಗ ಹುಡುಗನು ತನಗೆ ವಿದ್ಯೆಯೇ ಇಲ್ಲವೆಂದು ತಿಳುಕೊಳ್ಳುವನು.

ಎರಡನೆಯದು, ಹಾಸ್ಯದ ಭಯ. "ಏನಪ್ಪಾ, ಇಷ್ಟೂ ಬರುವದಿಲ್ಲವೇ?" ಎಂಬ ಒಂದು ಮಾತು ಒಂದು ವರುಷದ ಅಭ್ಯಾಸವನ್ನು ಕೆಡಿಸಬಲ್ಲದು.

ಮೂರನೆಯದು ಇನ್ನೂ ಆಳವಾದದ್ದು. ನಮ್ಮಲ್ಲಿ ಎಷ್ಟೋ ಕುಟುಂಬಗಳ ಹಿರಿಯರು ಊರ ಜಾತ್ರೆಯಲ್ಲಿ ಹಲಗೆ ಬಾರಿಸಿದರೂ ಗುಡಿಯ ಹೊರಗೇ ನಿಲ್ಲಬೇಕಾಗಿತ್ತು. ಅವರ ಕೈಯಲ್ಲಿ ವಿದ್ಯೆಯಿತ್ತು. ಎಲ್ಲರ ನಡುವೆ ಕೂತುಕೊಳ್ಳುವ ಅಪ್ಪಣೆ ಇರಲಿಲ್ಲ. ಎದುರಿಗೆ ಬರಬೇಡ, ಎದ್ದು ಕಾಣಬೇಡ ಎಂಬ ಆ ಹಳೆಯ ಭಯವು ಮೊಮ್ಮಕ್ಕಳ ಬೆರಳುಗಳಲ್ಲಿಯೂ ನಡುಗುವದುಂಟು. ಕರ್ತನ ಮನೆಯಲ್ಲಿ ಹೊರಗೆ ನಿಲ್ಲತಕ್ಕವರು ಯಾರೂ ಇಲ್ಲವೆಂದು ನಾವು ಬಾಯಿಂದ ಹೇಳುತ್ತೇವೆ. ವಾದ್ಯಗಾರರ ಸಾಲಿನಲ್ಲಿ ಅವರಿಗೆ ಸ್ಥಳಕೊಟ್ಟಾಗ ಆ ಮಾತು ಕಣ್ಣಿಗೆ ಕಾಣುವದು.

3. ಕ್ರಮವಾಗಿ ಕಲಿಸುವ ಬಗೆ

ಮೋಶೆಯು ತನ್ನ ನಾಲಿಗೆ ಮಂದವೆಂದು ಹಿಂಜರಿದಾಗ ದೇವರು ಅವನನ್ನು ಕೆಲಸದಿಂದ ಬಿಡಲಿಲ್ಲ. ಒಬ್ಬನನ್ನೇ ಕಳುಹಿಸಲೂ ಇಲ್ಲ. ಆರೋನನನ್ನು ಜೊತೆಗೆ ಕೊಟ್ಟನು. ನಾವೂ ಹಾಗೆಯೇ ಮಾಡತಕ್ಕದ್ದು.

(ಅ) ಸ್ಥಳ. ಹೊಸಬನನ್ನು ಸಭೆಯ ಎದುರಿಗೆ ಒಂಟಿಯಾಗಿ ಕೂರಿಸಬಾರದು. ಹಾಡು ಎತ್ತುವವರ ಮಗ್ಗುಲಲ್ಲಿ, ಅವರ ಕೈಯೂ ಬಾಯಿಯೂ ಕಾಣುವ ಹಾಗೆ ಕೂರಿಸಬೇಕು. ಧ್ವನಿವರ್ಧಕ ಇರುವ ಸಭೆಗಳಲ್ಲಿ ಅದನ್ನು ಅವನ ವಾದ್ಯದಿಂದ ದೂರವಿಡುವದು ಒಳ್ಳೇದು.

(ಆ) ತಾಳ. ಮೊದಲು ಕೈತಾಳವನ್ನು ಕೊಡಿರಿ. ಆದಿತಾಳಕ್ಕೆ 8 ಎಣಿಕೆ: ಒಂದು ತಟ್ಟು ಮತ್ತು ಮೂರು ಬೆರಳೆಣಿಕೆ ಸೇರಿ 4, ಆಮೇಲೆ ತಟ್ಟು, ಬೀಸು, ಪುನಃ ತಟ್ಟು, ಬೀಸು. ಇದನ್ನು ಬಾಯಲ್ಲಿ ಹೇಳುತ್ತಾ ಕೈಯಲ್ಲಿ ಹಾಕುವದು ರೂಢಿಯಾದವನಿಗೆ ಕೂಟದಲ್ಲಿ ಅರ್ಧ ಅಂಜಿಕೆ ಹೋಗುವದು. ಯಾಕಂದರೆ ತಾನು ಎಲ್ಲಿದ್ದೇನೆಂಬದು ಅವನಿಗೆ ಯಾವಾಗಲೂ ಗೊತ್ತಿರುವದು.

(ಇ) ಶ್ರುತಿ. ಹಾರ್ಮೋನಿಯಂ ಕಲಿಯುವವನು ಕೆಲವು ವಾರಗಳ ವರೆಗೆ ಷಡ್ಜ ಪಂಚಮಗಳನ್ನು ಮಾತ್ರ ಒತ್ತಿಹಿಡಿದು, ತಿದಿಯನ್ನು ಸಮವಾಗಿ ಆಡಿಸುತ್ತಾ, ಹಾಡಿಗೆ ಆಧಾರ ಕೊಡಲಿ. ಇದರಲ್ಲಿ ತಪ್ಪುವ ಅವಕಾಶ ಕಡಿಮೆ. ಸಭೆಗೆ ಆಗುವ ಉಪಕಾರವೋ ಬಹಳ.

(ಈ) ಪಲ್ಲವಿ. ಆಮೇಲೆ ಪಲ್ಲವಿಯನ್ನು ಮಾತ್ರ ನುಡಿಸಲಿ. ಚರಣ ಬಂದಾಗ ಪುನಃ ಶ್ರುತಿ ಹಿಡಿಯಲಿ. ಪಲ್ಲವಿಯು ಅನೇಕ ಸಾರಿ ಬರುವದರಿಂದ ಮೊದಲನೆಯ ಸಾರಿ ತಪ್ಪಿದ್ದು ಮೂರನೆಯ ಸಾರಿ ಸರಿಯಾಗುವದು. ಎಲ್ಲರಿಗೂ ಬಾಯಿಪಾಠವಾದ ಒಂದೇ ಹಾಡನ್ನು ಆರಿಸಿ, ಅದು ಕೈವಶವಾದ ಮೇಲೆಯೇ ಎರಡನೆಯದನ್ನು ಕೊಡತಕ್ಕದ್ದು.

(ಉ) ಕೂಟ. ಮೊದಲು ಮನೆಯ ಸಂಜೆಪ್ರಾರ್ಥನೆ, ಆಮೇಲೆ ನೆರೆಮನೆಯ ಪ್ರಾರ್ಥನಾಕೂಟ, ಕಡೆಗೆ ಭಾನುವಾರದ ಆರಾಧನೆ. ಮೊದಲನೆಯ ಸಾರಿಯೇ ಕ್ರಿಸ್ಮಸ್ಸಿನ ಜನಸಂದಣಿಯ ಮುಂದೆ ನಿಲ್ಲಿಸುವದು ಬುದ್ಧಿವಂತಿಕೆಯಲ್ಲ.

4. ತಪ್ಪಿದಾಗ ಮಾಡತಕ್ಕದ್ದು

ತಪ್ಪದೆ ನುಡಿಸುವದನ್ನು ಕಲಿಸುವದಕ್ಕಿಂತ ಮುಂಚೆ, ತಪ್ಪಿದ ಮೇಲೆ ಪುನಃ ಸೇರುವದನ್ನು ಕಲಿಸಬೇಕು. ಹೇಗಂದರೆ, ಬೆರಳು ತಪ್ಪಿದಾಗ ಅದನ್ನು ತಿದ್ದುವದಕ್ಕೆ ಹಿಂದಕ್ಕೆ ಹೋಗಬಾರದು. ಕೈಯನ್ನು ಎತ್ತಿ, ಮನಸ್ಸಿನಲ್ಲಿ ತಾಳವನ್ನು ಎಣಿಸುತ್ತಾ, ಪಲ್ಲವಿಯ ಎತ್ತುಗಡೆ ಬಂದಾಗ ಎಲ್ಲರೊಡನೆ ಸೇರಬೇಕು. ಅಭ್ಯಾಸದ ದಿನದಲ್ಲಿ ಬೇಕೆಂದೇ ನಡುವೆ ಬಿಟ್ಟು ಪುನಃ ಸೇರಿಸಿ ನೋಡಿರಿ. ಬಿದ್ದರೂ ಏಳಬಲ್ಲೆನೆಂದು ತಿಳಿದವನಿಗೆ ಬೀಳುವ ಭಯ ಕಡಿಮೆಯಾಗುವದು.

5. ಹಿರಿಯ ವಾದ್ಯಗಾರರಿಗೂ ಸಭೆಗೂ ಒಂದು ಮಾತು

ಹಿರಿಯರು ಶಿಷ್ಯನನ್ನು ಸಭೆಯ ಮುಂದೆ ತಿದ್ದಬಾರದು. ಆರಾಧನೆ ಮುಗಿದ ಮೇಲೆ ಪ್ರತ್ಯೇಕವಾಗಿ, ಒಂದೇ ಒಂದು ತಪ್ಪನ್ನು ಹೇಳಬೇಕು. ಸುಳ್ಳು ಹೊಗಳಿಕೆಯೂ ಬೇಡ. "ಈ ದಿನ ತಿದಿ ಸಮವಾಗಿತ್ತು" ಎಂಬ ನಿಜವಾದ ಮಾತು "ಬಹಳ ಚೆನ್ನಾಗಿತ್ತು" ಎಂಬದಕ್ಕಿಂತ ಹೆಚ್ಚು ಬಲಕೊಡುವದು. ಶಿಷ್ಯನು ಮುಂದೆ ಬಂದರೆ ತನ್ನ ಸ್ಥಳ ಹೋದೀತೆಂಬ ಅಸೂಯೆಯು ಕೆಲವರಲ್ಲಿ ಉಂಟು. ದೇಹದಲ್ಲಿ ಬಲಹೀನವಾಗಿ ಕಾಣುವ ಅಂಗಗಳೂ ಅವಶ್ಯವೆಂಬ ಪೌಲನ ಬೋಧನೆಯನ್ನು ಇಂಥವರು ಧ್ಯಾನಿಸಲಿ.

ಕಲಿಯುವದರಲ್ಲಿ ನಾಚಿಕೆಯೇನೂ ಇಲ್ಲ. ಬಾಸೆಲ್ ಮಿಶನಿನ ಕಿಟ್ಟೆಲರು 1853ರಲ್ಲಿ ಈ ದೇಶಕ್ಕೆ ಬಂದಾಗ ಕನ್ನಡಕ್ಕೆ ಹೊಸಬರು. ಅವರು ಶಿಷ್ಯರಂತೆ ಕಲಿತು, ಕ್ರಿಸ್ತನ ಚರಿತ್ರೆಯನ್ನು ಕನ್ನಡ ಪದ್ಯಗಳಲ್ಲಿ ರಚಿಸಿದರು. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಅಚ್ಚುಹಾಕಿಸಿದರು. ಪರದೇಶದವರು ನಮ್ಮ ಛಂದಸ್ಸನ್ನು ಕಲಿಯಬಲ್ಲವರಾದರೆ, ನಮ್ಮ ಮಕ್ಕಳು ನಮ್ಮ ತಾಳವನ್ನು ಕಲಿಯಲಾರರೋ?

ಆದಕಾರಣ, ಸಹೋದರರೇ, ಸಹೋದರಿಯರೇ, ಈ ಭಾನುವಾರ ಹಿಂದಿನ ಚಾಪೆಯ ಕಡೆಗೆ ಒಮ್ಮೆ ನೋಡಿರಿ. ಅಲ್ಲಿರುವವರ ಕೈಗೆ ತಾಳವನ್ನು ಕೊಟ್ಟು, ನಿಮ್ಮ ಮಗ್ಗುಲಲ್ಲಿ ಸ್ವಲ್ಪ ಸ್ಥಳ ಮಾಡಿಕೊಡಿರಿ.

ವಿಚಾರಿಸತಕ್ಕ ಪ್ರಶ್ನೆಗಳು

1. ದಾವೀದನ ಕಾಲದ ವಾದ್ಯಗಾರರಲ್ಲಿ ಗುರುವಿಗೂ ಶಿಷ್ಯನಿಗೂ ಸರದಿಯನ್ನು ಹೇಗೆ ಹಂಚಿದರು?
2. ದೇವರು ಮೋಶೆಯ ಅಂಜಿಕೆಗೆ ಯಾವ ಸಹಾಯವನ್ನು ಕೊಟ್ಟನು?
3. ನಮ್ಮ ಸಭೆಯಲ್ಲಿ ವಾದ್ಯ ನುಡಿಸುವವರು ಎಷ್ಟು ಮಂದಿ? ಅವರ ಮಗ್ಗುಲಲ್ಲಿ ಕಲಿಯುವವರು ಯಾರು?
4. ಯಾರನ್ನಾದರೂ ನಮ್ಮ ಹಾಸ್ಯದ ಮಾತು ಹಿಂದಕ್ಕೆ ತಳ್ಳಿದೆಯೋ?