ಸಾಲಕ್ಕೆ ಗಡಿ ಇಲ್ಲ, ಕೋರ್ಟಿಗೆ ಇದೆ

ದಿವಾಳಿ ಅಂದ್ರೆ ದುಡ್ಡು ಖಾಲಿ ಆಗೋದು ಅಂತಷ್ಟೇ ನಾವು ತಿಳಿದಿರ್ತೀವಿ. ಕಾನೂನಿನಲ್ಲಿ ಅದು ಒಂದು ಪ್ರಕ್ರಿಯೆ: ಉಳಿದ ಆಸ್ತಿಯನ್ನು ಒಂದೆಡೆ ಸೇರಿಸಿ, ಸಾಲ ಕೊಟ್ಟವರಿಗೆ ಸರತಿ ಪ್ರಕಾರ ಹಂಚುವುದು. ಆಸ್ತಿ ಒಂದು ದೇಶದಲ್ಲಿ, ಸಾಲ ಕೊಟ್ಟವರು ಇನ್ನೊಂದು ದೇಶದಲ್ಲಿ ಇದ್ದರೆ ಏನಾಗುತ್ತೆ?

ಹತ್ತಿರದ ಉದಾಹರಣೆ

ದೂಧಗಂಗಾ ದಂಡೆಯ ಸದಲಗಾದಿಂದ ಸ್ವಲ್ಪ ದೂರ ಹೋದರೆ ಮಹಾರಾಷ್ಟ್ರ. ಸದಲಗಾದವರೊಬ್ಬರು ಇಚಲಕರಂಜಿಯಲ್ಲಿ ಮಗ್ಗ ಹಾಕಲು ಅಲ್ಲೇ ಸಾಲ ತಗೊಂಡರು, ಹೊಲ-ಮನಿ ಮಾತ್ರ ಸದಲಗಾದಲ್ಲಿ ಅಂತ ಇಟ್ಟುಕೊಳ್ಳಿ. ಸಾಲ ಕಟ್ಟದಿದ್ದರೆ ಅಲ್ಲಿಯ ಕೋರ್ಟು ಡಿಕ್ರಿ ಕೊಡುತ್ತೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಕಲಂ ಪ್ರಕಾರ ಅದನ್ನು ನಮ್ಮ ಕಡೆಯ ಕೋರ್ಟಿಗೆ ಕಳಿಸಿ ಜಾರಿ ಮಾಡಿಸಬಹುದು. ರಾಜ್ಯ ಬೇರೆಯಾದರೂ ಮೇಲಿರುವ ಕಾನೂನು ಒಂದೇ. ದೇಶ ಬದಲಾದರೆ ಹಾಗೆ ಮೇಲೆ ನಿಂತ ಕಾನೂನೇ ಇರುವುದಿಲ್ಲ. ತೊಡಕು ಶುರುವಾಗೋದು ಅಲ್ಲಿಂದ.

ಚೀನಾದ ಎವರ್‌ಗ್ರಾಂಡೆ

ಕಟ್ಟದ ಫ್ಲ್ಯಾಟಿಗೆ ಮೊದಲೇ ದುಡ್ಡು ಪಡೆಯೋದು, ಸಾಲ ಎತ್ತೋದು, ಮುಂದಿನ ಜಮೀನು ಕೊಳ್ಳೋದು: ಈ ಬಿಲ್ಡರ್ ಬೆಳೆದದ್ದು ಹೀಗೆ. 2020ರಲ್ಲಿ ಚೀನಾ ಸರ್ಕಾರ 'ಮೂರು ಕೆಂಪು ಗೆರೆ' ಎಂಬ ಮಿತಿ ಹಾಕಿ ಹೊಸ ಸಾಲಕ್ಕೆ ಕಡಿವಾಣ ಹಾಕಿತು. 2021ರ ಡಿಸೆಂಬರ್ ಹೊತ್ತಿಗೆ ಕಂಪನಿ ಡಾಲರ್ ಬಾಂಡ್‌ಗಳ ಕಂತು ತಪ್ಪಿಸಿತು. ಒಟ್ಟು ಹೊಣೆ 300 ಬಿಲಿಯನ್ ಡಾಲರ್‌ಗೂ ಮೇಲೆ.

ಕಂಪನಿಯ ರಚನೆ ಗಮನಿಸಿ. ಮೇಲಿನ ಕಂಪನಿ ನೋಂದಣಿಯಾದದ್ದು ಕೇಮನ್ ದ್ವೀಪದಲ್ಲಿ, ಷೇರು ಹಾಂಗ್‌ಕಾಂಗ್‌ನಲ್ಲಿ. ಜಮೀನು-ಕಟ್ಟಡ ಮಾತ್ರ ಚೀನಾದೊಳಗಿನ ಅಂಗಸಂಸ್ಥೆಗಳ ಹೆಸರಲ್ಲಿ. ಅಂಗಸಂಸ್ಥೆ ಮೊದಲು ತನ್ನ ಬ್ಯಾಂಕು, ಗುತ್ತಿಗೆದಾರರು, ಮನೆ ಕೊಂಡವರ ಬಾಕಿ ತೀರಿಸಬೇಕು. ಮಿಕ್ಕಿದ್ದು ಮಾತ್ರ ಮೇಲೆ ಹೋಗುತ್ತೆ. ಹಾಗಾಗಿ ಮೇಲಿನ ಕಂಪನಿಗೆ ಡಾಲರ್ ಕೊಟ್ಟವರು ಸರತಿಯ ಕೊನೆಗೆ. 2024ರ ಜನವರಿ 29ರಂದು ಹಾಂಗ್‌ಕಾಂಗ್ ಹೈಕೋರ್ಟ್ ಕಂಪನಿ ಮುಚ್ಚಲು ಆದೇಶಿಸಿತು. ಆದರೆ ಅಂಥ ಆದೇಶಗಳನ್ನು ಮಾನ್ಯ ಮಾಡುವ 2021ರ ಏರ್ಪಾಟು ಚೀನಾದಲ್ಲಿ ಶಾಂಘೈ, ಶಿಯಾಮೆನ್, ಶೆಂಜೆನ್ ನಗರಗಳ ಕೋರ್ಟುಗಳಿಗಷ್ಟೇ ಸೀಮಿತವಾಗಿತ್ತು.

ಬೆಂಗಳೂರಿನ ಬೈಜೂಸ್

ನಮ್ಮಲ್ಲಿ ಇದಕ್ಕೆ ಹತ್ತಿರದ ಪ್ರಕರಣ ಬೈಜೂಸ್. ಇದರ ಮೂಲ ಕಂಪನಿ ಥಿಂಕ್ ಅಂಡ್ ಲರ್ನ್ ಬೆಂಗಳೂರಿನದು. 2021ರ ನವೆಂಬರ್‌ನಲ್ಲಿ ಅಮೆರಿಕದ ಡೆಲವೇರ್‌ನಲ್ಲಿದ್ದ ಬೈಜೂಸ್ ಆಲ್ಫಾ ಹೆಸರಲ್ಲಿ 1.2 ಬಿಲಿಯನ್ ಡಾಲರ್ ಸಾಲ ಬಂತು. ಜಾಮೀನು ನಿಂತದ್ದು ಬೆಂಗಳೂರಿನ ಕಂಪನಿ. 2024ರ ಫೆಬ್ರವರಿಯಲ್ಲಿ ಆಲ್ಫಾ ಡೆಲವೇರ್‌ನ ದಿವಾಳಿ ಕೋರ್ಟಿಗೆ ಹೋಯಿತು. ಜುಲೈ 16ರಂದು ಬಿಸಿಸಿಐನ ಸುಮಾರು 158.9 ಕೋಟಿ ರೂಪಾಯಿ ಬಾಕಿಯ ಅರ್ಜಿ ಮೇಲೆ ಬೆಂಗಳೂರಿನ ಎನ್‌ಸಿಎಲ್‌ಟಿಯಲ್ಲೂ ಪ್ರಕ್ರಿಯೆ ಶುರು.

ಬಿಸಿಸಿಐ ಜೊತೆ ರಾಜಿಯಾಯಿತು, ಮೇಲ್ಮನವಿ ನ್ಯಾಯಮಂಡಳಿ ಒಪ್ಪಿತು. ಅಮೆರಿಕದ ಸಾಲ ಕೊಟ್ಟವರ ಪರ ಗ್ಲಾಸ್ ಟ್ರಸ್ಟ್ ಅದನ್ನು ಪ್ರಶ್ನಿಸಿತು. ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟ್, ಕ್ರಮ ಸರಿಯಾಗಿ ಪಾಲಿಸಿಲ್ಲ ಎಂದು ಆ ಆದೇಶ ರದ್ದು ಮಾಡಿತು. ಒಂದೇ ಸಾಲದ ಕಥೆ, ಎರಡು ದೇಶಗಳ ಕೋರ್ಟುಗಳಲ್ಲಿ.

ನಮ್ಮ ಕಾನೂನು

2016ರ ದಿವಾಳಿ ಸಂಹಿತೆಯ 234ನೇ ಕಲಂ ಬೇರೆ ದೇಶಗಳ ಜೊತೆ ಒಪ್ಪಂದ ಮಾಡಿಕೊಳ್ಳಬಹುದು ಅನ್ನುತ್ತೆ. 235ನೇ ಕಲಂ ಅಲ್ಲಿಯ ಕೋರ್ಟಿಗೆ ಕೋರಿಕೆ ಪತ್ರ ಕಳಿಸುವ ದಾರಿ. ಒಪ್ಪಂದಗಳೇ ಇಲ್ಲದ್ದರಿಂದ 2019ರಲ್ಲಿ ಜೆಟ್ ಏರ್‌ವೇಸ್ ವಿಷಯದಲ್ಲಿ ಭಾರತ ಮತ್ತು ನೆದರ್‌ಲ್ಯಾಂಡ್ಸ್‌ನ ದಿವಾಳಿ ಅಧಿಕಾರಿಗಳು ತಾವೇ ಕೂತು ಒಂದು ಒಡಂಬಡಿಕೆ ಬರೆದುಕೊಳ್ಳಬೇಕಾಯಿತು. ವಿಶ್ವಸಂಸ್ಥೆಯ ಮಾದರಿ ಕಾನೂನು 1997ರಿಂದಲೇ ಇದೆ. ಗಡಿಯಾಚೆಯ ದಿವಾಳಿಗೆ ನಿಯಮ ರೂಪಿಸುವ ಅಧಿಕಾರ ಕೊಡುವ ತಿದ್ದುಪಡಿ ಮಸೂದೆ ಲೋಕಸಭೆಗೆ ಬಂದದ್ದು 2025ರ ಆಗಸ್ಟ್‌ನಲ್ಲಿ.

ನಮಗೇನು ಸಂಬಂಧ?

ಮುಂದೆ ನಾವು ಫ್ಲ್ಯಾಟ್ ಕೊಳ್ಳೋರು. ರೇರಾ ಕಾನೂನಿನಂತೆ ಬಿಲ್ಡರ್ ನಮ್ಮ ದುಡ್ಡಿನ 70% ಆ ಯೋಜನೆಯ ಪ್ರತ್ಯೇಕ ಖಾತೆಯಲ್ಲೇ ಇಡಬೇಕು. 2018ರ ತಿದ್ದುಪಡಿ ಮನೆ ಕೊಂಡವರನ್ನೂ ಹಣಕಾಸು ಸಾಲ ಕೊಟ್ಟವರ ಸಾಲಿಗೆ ಸೇರಿಸಿದೆ.

ಅದಕ್ಕೂ ಮೊದಲು ನಾವು ನೌಕರರಾಗೋರು. ಸಂಹಿತೆಯ 53ನೇ ಕಲಂ ಪ್ರಕಾರ ಕಂಪನಿ ಮುಚ್ಚಿದರೆ ಕಾರ್ಮಿಕರ 24 ತಿಂಗಳ ಬಾಕಿ, ಅಡಮಾನ ಇಟ್ಟುಕೊಂಡು ಸಾಲ ಕೊಟ್ಟವರ ಜೊತೆಗೇ ನಿಲ್ಲುತ್ತೆ. ಉಳಿದ ನೌಕರರ 12 ತಿಂಗಳ ಸಂಬಳ ಅವರ ನಂತರ. ಕ್ಯಾಂಪಸ್ ಇಂಟರ್‌ವ್ಯೂ ಮುಗಿಸಿ ಆಫರ್ ಲೆಟರ್ ಕೈಗೆ ಬಂದಾಗ ಪ್ಯಾಕೇಜ್ ಜೊತೆ ಇನ್ನೊಂದು ಸಾಲನ್ನೂ ಓದಿ: ಸಹಿ ಹಾಕಿದ ಕಂಪನಿ ಯಾವುದು, ಅದು ಯಾವ ದೇಶದಲ್ಲಿ ನೋಂದಣಿಯಾಗಿದೆ. ನಾಳೆ ನಮ್ಮ ಬಾಕಿಗೆ ಯಾವ ಕೋರ್ಟಿನ ಬಾಗಿಲು ತಟ್ಟಬೇಕು ಅನ್ನೋದು ಅಲ್ಲೇ ತಿಳಿಯುತ್ತೆ.